ಎರಡಂತಸ್ತಿನ ಮನೆಗೆ ಮಣ್ಣಿನ ಬ್ಲಾಕ್: ಪರಿಸರಸ್ನೇಹಿ ಎಂಬ ಮಾತಿಗೆ ಲೆಕ್ಕದ ಆಧಾರವಿದೆಯೇ?

ಪ್ರಶ್ನೆ: ಹೊಸಮನೆ_ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರು ನಗರದ ಹೊರವಲಯದಲ್ಲಿರುವ 30×40 ಅಡಿಯ ನಮ್ಮ ಸೈಟಿನಲ್ಲಿ ಕೆಳಗೂ ಮೇಲೂ ಸೇರಿ ಸುಮಾರು 150 ಚದರ ಮೀಟರ್ ವಿಸ್ತೀರ್ಣದ ಮನೆ ಕಟ್ಟಿಸಬೇಕೆಂದಿದ್ದೇವೆ. ನಕ್ಷೆ ಮಾಡಿಕೊಟ್ಟ ಎಂಜಿನಿಯರ್ ಅವರು ಕಾಂಕ್ರೀಟ್ ಪಿಲ್ಲರ್ ಮತ್ತು ಬೀಮ್ ನಿಲ್ಲಿಸಿ, ನಡುವೆ ಸಾಲಿಡ್ ಬ್ಲಾಕ್ ಕಟ್ಟಿ, ಒಳಗೂ ಹೊರಗೂ ಪ್ಲಾಸ್ಟರ್ ಮಾಡುವ ಎಂದಿನ ಕ್ರಮವನ್ನೇ ಸೂಚಿಸಿದ್ದಾರೆ. ವಾಸ್ತುಶಿಲ್ಪ ಓದುತ್ತಿರುವ ನನ್ನ ಮಗಳು ಮಾತ್ರ, ಪಾಯ ಅಗೆದಾಗ ಹೇಗೂ ಹೊರಬರುವ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಬ್ಲಾಕುಗಳಿಂದ ಗೋಡೆ ಕಟ್ಟಬಹುದು, ಅದರಿಂದ ಪರಿಸರಕ್ಕೆ ಆಗುವ ಹಾನಿ ಬಹಳ ಕಡಿಮೆ ಎಂದು ಪಟ್ಟು ಹಿಡಿದಿದ್ದಾಳೆ.

ನನಗೆ ಮಣ್ಣಿನ ಬಗ್ಗೆ ತಿರಸ್ಕಾರವಿಲ್ಲ. ನಮ್ಮ ಅಜ್ಜನ ಮನೆಯ ಗೋಡೆಗಳೂ ಮಣ್ಣಿನವೇ ಆಗಿದ್ದವು. ಆದರೆ ಈಗ ಪೇಂಟಿನ ಡಬ್ಬಿಯಿಂದ ಹಿಡಿದು ಗಾಜಿನ ಕಿಟಕಿಯವರೆಗೆ ಪ್ರತಿಯೊಂದರ ಮೇಲೂ ಹಸಿರು ಎಲೆಯ ಚಿತ್ರ ಅಂಟಿಸಿ ಮಾರುತ್ತಿರುವಾಗ, ಯಾವುದು ಎಂಜಿನಿಯರುಗಳು ಅಳೆದು ಹೇಳಿದ ಮಾತು, ಯಾವುದು ಮಾರಾಟಗಾರರ ಮಾತು ಎಂದು ಬೇರ್ಪಡಿಸುವುದು ನನ್ನಂಥವರಿಗೆ ಕಷ್ಟವಾಗಿದೆ. ಸಿಮೆಂಟ್ ಬೆರೆಸಿದ ಮೇಲೆ ಅದು ಮಣ್ಣಿನ ಗೋಡೆ ಎನಿಸಿಕೊಳ್ಳುತ್ತದೆಯೇ? ಇಟ್ಟಿಗೆಗೆ ಹೋಲಿಸಿದರೆ ಉಳಿತಾಯ ಎಷ್ಟು? ಮೇಲೊಂದು ಅಂತಸ್ತನ್ನು ಅದು ತಡೆದೀತೆ? ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ ಎನ್ನುವುದು ಎಷ್ಟರಮಟ್ಟಿಗೆ ನಿಜ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಅಂಕಿ ಸಹಿತ ತಿಳಿಸಿದರೆ ನಮ್ಮ ಮನೆಯೊಳಗಿನ ವಾದವೂ ಒಂದು ತೀರ್ಮಾನಕ್ಕೆ ಬರುತ್ತದೆ.

ಉತ್ತರ 1: ಸಿವಿಲ್_ಮೇಷ್ಟ್ರು

ತಮ್ಮ ಮಗಳು ಹೇಳುತ್ತಿರುವುದು ಹೊಸ ಫ್ಯಾಷನ್ ಅಲ್ಲ, ಐವತ್ತು ವರ್ಷಗಳಷ್ಟು ಹಳೆಯ ಎಂಜಿನಿಯರಿಂಗ್ ಕೆಲಸ, ಅದೂ ತುಮಕೂರಿನಿಂದ ಎರಡು ಗಂಟೆಯೊಳಗೆ ತಲುಪಬಹುದಾದ ಜಾಗದಲ್ಲಿ ನಡೆದದ್ದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ‘ಅಸ್ತ್ರ’ ಎಂಬ ಘಟಕವನ್ನು ಆರಂಭಿಸಿದರು. ಗ್ರಾಮೀಣ ಜನರ ಬದುಕಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶವಾಗಿತ್ತು. ನಮ್ಮ ಹಳ್ಳಿಗಳ ಹೆಂಗಸರು ಬಲ್ಲ ‘ಅಸ್ತ್ರ ಒಲೆ’ ಅಲ್ಲಿಂದಲೇ ಬಂದದ್ದು. ಅದೇ ಘಟಕದಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣನ್ನು ಒತ್ತುವ ಕೈಯಂತ್ರ, ಮಿಶ್ರಣದ ಪ್ರಮಾಣ, ಗೋಡೆಯ ಬಲ ಇವೆಲ್ಲವನ್ನೂ ವರ್ಷಾನುಗಟ್ಟಲೆ ಪರೀಕ್ಷಿಸಿದರು. ಇಂದು ಭಾರತೀಯ ಮಾನಕ ಬ್ಯೂರೋದ ಐಎಸ್ 1725 ಇಂಥ ಬ್ಲಾಕುಗಳಿಗೆಂದೇ ಇರುವ ಮಾನಕವಾಗಿದ್ದು, 2013ರಲ್ಲಿ ಪರಿಷ್ಕೃತವಾಗಿದೆ. ಆದ್ದರಿಂದ ‘ಇದಕ್ಕೆ ಕೋಡ್ ಇಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಈಗ ತಾವು ಕೇಳಿದ ಲೆಕ್ಕ. ಒಂದು ವಸ್ತು ಎಷ್ಟು ಪರಿಸರಸ್ನೇಹಿ ಎಂದು ಅಳೆಯಲು ಎಂಜಿನಿಯರುಗಳು ಬಳಸುವ ಮುಖ್ಯ ಅಳತೆಗಳಲ್ಲಿ ಒಂದು, ಕಚ್ಚಾವಸ್ತುವಿನಿಂದ ಆರಂಭಿಸಿ ಅದು ಗೋಡೆಯಾಗಿ ನಿಲ್ಲುವವರೆಗೆ ಸುಟ್ಟ ಇಂಧನದ ಒಟ್ಟು ಮೊತ್ತ. ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 230×105×70 ಮಿ.ಮೀ. ಅಳತೆಯ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೌಲ್ ಶಕ್ತಿ ಬೇಕು. 230×190×100 ಮಿ.ಮೀ. ಅಳತೆಯ, ಶೇ 6ರಷ್ಟು ಸಿಮೆಂಟ್ ಬೆರೆತ ಮಣ್ಣಿನ ಬ್ಲಾಕಿಗೆ 2.60 ಮೆಗಾಜೌಲ್ ಸಾಕು. ಇವೆರಡನ್ನು ನೇರವಾಗಿ ಪಕ್ಕದಲ್ಲಿಟ್ಟು ನೋಡಿದರೆ ಉಳಿತಾಯ ಅರ್ಧಕ್ಕಿಂತ ಕಡಿಮೆ ಎನಿಸುತ್ತದೆ. ಆದರೆ ಒಂದು ಬ್ಲಾಕ್ ಎರಡೂವರೆ ಇಟ್ಟಿಗೆಗಳ ಜಾಗವನ್ನು ತುಂಬುತ್ತದೆ ಎಂಬುದನ್ನು ಸೇರಿಸಿದಾಗ, ಅಷ್ಟೇ ಗೋಡೆಗೆ ಇಟ್ಟಿಗೆಯಾದರೆ ಸುಮಾರು 11 ಮೆಗಾಜೌಲ್, ಮಣ್ಣಿನ ಬ್ಲಾಕಾದರೆ ಅದರ ಕಾಲು ಭಾಗ ಎಂದಾಗುತ್ತದೆ. ಇಟ್ಟಿಗೆಗೂಡಿನಲ್ಲಿ ಸೌದೆ ಅಥವಾ ಕಲ್ಲಿದ್ದಲು ಉರಿಯುತ್ತದೆ, ಇಲ್ಲಿ ಸುಡುವ ಹಂತವೇ ಇಲ್ಲ. ಇಡೀ ವ್ಯತ್ಯಾಸದ ಗುಟ್ಟು ಅಷ್ಟೇ.

ಸಿಮೆಂಟ್ ಬೆರೆಸಿದ ಮೇಲೆ ಅದು ಮಣ್ಣಿನ ಗೋಡೆಯೇ ಎಂಬ ತಮ್ಮ ಸಂದೇಹ ಸರಿಯಾದದ್ದೇ. ಆ 2.60 ಮೆಗಾಜೌಲಿನಲ್ಲಿ ಬಹುಪಾಲು ಸಿಮೆಂಟಿನದು. ಒಂದು ಬ್ಲಾಕ್ ಒಣಗಿದಾಗ ಎಂಟು ಕೆಜಿಗೆ ಸ್ವಲ್ಪ ಕಡಿಮೆ ತೂಗುತ್ತದೆ. ಶೇ 6ರ ಲೆಕ್ಕದಲ್ಲಿ ಅದರಲ್ಲಿರುವ ಸಿಮೆಂಟ್ ಅರ್ಧ ಕೆಜಿಗೆ ತುಸು ಕಡಿಮೆ, ಅಂದರೆ 50 ಕೆಜಿಯ ಒಂದು ಮೂಟೆಯಲ್ಲಿ ಸುಮಾರು 105 ಬ್ಲಾಕುಗಳಾಗಬೇಕು. ಕೆಲಸ ನಡೆಯುವಾಗ ಈ ಸಂಖ್ಯೆಯ ಮೇಲೆ ಕಣ್ಣಿಡಿ. ಮೂಟೆಗೆ 60 ಬ್ಲಾಕ್ ಮಾತ್ರ ಬರುತ್ತಿದ್ದರೆ, ಮಣ್ಣು ಸರಿಯಿಲ್ಲದ ದೋಷವನ್ನು ಸಿಮೆಂಟ್ ಸುರಿದು ಮುಚ್ಚುತ್ತಿದ್ದಾರೆ ಎಂದೇ ಅರ್ಥ. ಹಾಗಾದರೆ ಪರಿಸರಕ್ಕೂ ಲಾಭವಿಲ್ಲ, ತಮ್ಮ ಜೇಬಿಗೂ ಇಲ್ಲ.

ಮಣ್ಣು ಸರಿಯಿದೆಯೇ ಎಂದು ತಿಳಿಯಲು ಮೊದಲ ಪರೀಕ್ಷೆಯನ್ನು ತಾವೇ ಮನೆಯಲ್ಲಿ ಮಾಡಬಹುದು. ಮೇಲಿನ ಒಂದು ಅಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಸೇರಿರುವುದರಿಂದ ಅದನ್ನು ಬದಿಗೆ ಸರಿಸಿ, ಅದರ ಕೆಳಗಿನ ಮಣ್ಣನ್ನು ತೆಗೆದು ಹೆಂಟೆಗಳನ್ನು ಪುಡಿಮಾಡಿ, ನೇರ ಬದಿಯ ಗಾಜಿನ ಜಾಡಿಯೊಂದರ ಮೂರನೇ ಒಂದು ಭಾಗದಷ್ಟು ತುಂಬಿರಿ. ಮೇಲೆ ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಅಲುಗಿಸಿ ಅಲ್ಲಾಡದ ಜಾಗದಲ್ಲಿ ಇಡಿ. ಮರಳು ಒಂದೆರಡು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ಹಿಟ್ಟಿನಂಥ ನಯವಾದ ಒಂಡು ಕೂರುತ್ತದೆ, ಜೇಡಿ ಮಾತ್ರ ಗಂಟೆಗಟ್ಟಲೆ ತೇಲಿಕೊಂಡಿದ್ದು ಕೊನೆಗೆ ಇಳಿಯುತ್ತದೆ. ಮರುದಿನ ಪದರಗಳನ್ನು ಸ್ಕೇಲಿನಿಂದ ಅಳೆಯಿರಿ. ಮರಳು ಶೇ 65ರ ಆಸುಪಾಸಿನಲ್ಲೂ ಜೇಡಿ ಶೇ 10ರಿಂದ 15ರೊಳಗೂ ಇದ್ದರೆ ಉತ್ತಮ. ತುಮಕೂರಿನ ಕಡೆಯ ಕೆಮ್ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿಯ ಪಾಲು ಹೆಚ್ಚಾಗಿಯೇ ಇರುತ್ತದೆ. ಆಗ ಕ್ವಾರಿಯ ಕಲ್ಲುಪುಡಿಯನ್ನೋ ಮರಳನ್ನೋ ಬೆರೆಸಿ ಪ್ರಮಾಣವನ್ನು ಸರಿಪಡಿಸಬೇಕು. ಎರೆಮಣ್ಣಾದರೆ ವಿಷಯವೇ ಬೇರೆ. ಅದು ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಜಾತಿಯದಾದ್ದರಿಂದ ಸಿಮೆಂಟ್ ಒಂದೇ ಸಾಲದು, ಸುಣ್ಣ ಬೇಕಾಗುತ್ತದೆ. ಹೊಸದಾಗಿ ಕಟ್ಟಿಸುವವರು ಆ ತಂಟೆಗೆ ಹೋಗದಿರುವುದೇ ಲೇಸು. ಜಾಡಿಯ ಪರೀಕ್ಷೆ ಮೊದಲ ಅಂದಾಜಿಗೆ ಮಾತ್ರ. ಕಟ್ಟುವ ಮೊದಲು ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಮಣ್ಣನ್ನೂ ಮಾದರಿ ಬ್ಲಾಕುಗಳನ್ನೂ ಪರೀಕ್ಷೆ ಮಾಡಿಸಲೇಬೇಕು.

ಬಲದ ಪರೀಕ್ಷೆಯಲ್ಲಿ ಒಂದು ಎಚ್ಚರಿಕೆ ಇರಲಿ. ಬ್ಲಾಕನ್ನು ಒಣಗಿದ ಸ್ಥಿತಿಯಲ್ಲಿ ಒಡೆದು ಬಲ ಹೇಳುವವರಿದ್ದಾರೆ. ನೀರಿನಲ್ಲಿ ನೆನೆಸಿಟ್ಟು ಒಡೆದಾಗ ಬರುವ ಬಲ ಅದರ ಅರ್ಧಕ್ಕೂ ಇಳಿಯಬಹುದು, ಮತ್ತು ನಾವು ಗೋಡೆಯ ವಿನ್ಯಾಸಕ್ಕೆ ತೆಗೆದುಕೊಳ್ಳಬೇಕಾದದ್ದು ಆ ನೆನೆದ ಬಲವನ್ನೇ.

ಉತ್ತರ 2: ತಂಪುಗಾಳಿ

ನಾನು ಕಟ್ಟಡಗಳ ಹವಾನಿಯಂತ್ರಣ ವಿನ್ಯಾಸದಲ್ಲಿ ಕೆಲಸ ಮಾಡುವ ಮೆಕ್ಯಾನಿಕಲ್ ಎಂಜಿನಿಯರ್. ಗೋಡೆಯ ವಿಷಯದಲ್ಲಿ ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ‘ಮಣ್ಣಿನ ಮನೆ ತಂಪು’ ಎಂಬ ಮಾತನ್ನು ಹಾಗೆಯೇ ನುಂಗಬಾರದು ಎಂದು ಹೇಳಬೇಕಾಗಿದೆ. ಅಜ್ಜನ ಮನೆ ತಂಪಾಗಿದ್ದದ್ದು ಒಂದೂವರೆ, ಎರಡು ಅಡಿ ದಪ್ಪದ ಗೋಡೆ, ಮೇಲೆ ಹಂಚು ಅಥವಾ ಮಣ್ಣಿನ ಮಾಳಿಗೆ, ಚಿಕ್ಕ ಕಿಟಕಿ, ಉದ್ದನೆಯ ಜಗುಲಿ ಇವೆಲ್ಲ ಒಟ್ಟಿಗೆ ಇದ್ದುದರಿಂದ. ಎಂಟು ಇಂಚಿನ ಮಣ್ಣಿನ ಬ್ಲಾಕ್ ಗೋಡೆ ಕಟ್ಟಿ, ಮೇಲೆ ಬರಿಯ ಕಾಂಕ್ರೀಟ್ ತಾರಸಿ ಹಾಕಿ, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇಟ್ಟರೆ ಆ ಮನೆ ಸಂಜೆಯ ಹೊತ್ತಿಗೆ ಕಾದೇ ಕಾಯುತ್ತದೆ.

ನಮ್ಮ ಅಕ್ಷಾಂಶದಲ್ಲಿ ಸೂರ್ಯನ ದಾರಿಯನ್ನು ಮೊದಲು ನೋಡಬೇಕು. ತುಮಕೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೆಯ ವಾರದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡು ದಿನಗಳ ನಡುವಿನ ಕಾಲದಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹೀಗಾಗಿ ಸೆಖೆಗಾಲದಲ್ಲಿ ಅತಿ ಹೆಚ್ಚು ಬಿಸಿಲು ಬೀಳುವುದು ತಾರಸಿಯ ಮೇಲೆ, ಆಮೇಲೆ ಪೂರ್ವ ಪಶ್ಚಿಮದ ಗೋಡೆಗಳ ಮೇಲೆ. ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಹಾಕಿದರೆ ನೆರಳಾಗುತ್ತದೆ. ಪಶ್ಚಿಮದ ಕಿಟಕಿಗೆ ಸಂಜೆ ನಾಲ್ಕರ ಓರೆ ಬಿಸಿಲನ್ನು ತಡೆಯಲು ಸಜ್ಜಾದಿಂದ ಆಗುವುದಿಲ್ಲ. ಆ ಬದಿಗೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇಡುವುದು ನಕ್ಷೆಯ ಹಂತದಲ್ಲಿ ಒಂದು ರೂಪಾಯಿಯೂ ಖರ್ಚಿಲ್ಲದ ಪರಿಹಾರ. ತಾರಸಿಯ ಮೇಲೆ ಬಿಳಿಯ ಚೈನಾ ಮೊಸಾಯಿಕ್ ಹಾಕಿಸಿ; ಮಸಿ ಬಣ್ಣಕ್ಕೆ ತಿರುಗಿದ ಹಳೆ ಕಾಂಕ್ರೀಟ್ ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಬಿಳಿಯ ಮೇಲ್ಮೈ ಅದರ ಅರ್ಧಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಸಿಮೆಂಟ್ ತುಂಬಿದ ಗೋಡೆ ಬೇಕೋ ಮಣ್ಣಿನದೋ ಎಂಬ ಚರ್ಚೆಗಿಂತ ಮೊದಲು ಈ ಎರಡು ವಿಷಯಗಳನ್ನು ತೀರ್ಮಾನಿಸಿ ಎನ್ನುವುದು ನನ್ನ ಸಲಹೆ.

ಅಳೆದು ಹೇಳಿದ ಮಾತು ಯಾವುದು ಎಂದು ತಾವು ಕೇಳಿದ್ದರಿಂದ ನನ್ನ ಕ್ಷೇತ್ರದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಕೊಡುತ್ತೇನೆ. ಇನ್ಫೋಸಿಸ್ ಸಂಸ್ಥೆ ಹೈದರಾಬಾದ್ ಹತ್ತಿರದ ಪೋಚಾರಂ ಆವರಣದಲ್ಲಿ ಕಟ್ಟಿಸಿದ ಕಚೇರಿಯಲ್ಲಿ ಎಂಜಿನಿಯರುಗಳು ಕಟ್ಟಡವನ್ನು ಸಮಾನವಾದ ಎರಡು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ತಣ್ಣನೆಯ ಗಾಳಿಯನ್ನು ನಾಳಗಳ ಮೂಲಕ ಊದುವ ಎಂದಿನ ವ್ಯವಸ್ಥೆಯನ್ನು, ಅದರಲ್ಲೂ ಉತ್ತಮ ದರ್ಜೆಯದನ್ನು ಅಳವಡಿಸಿದರು; ಇನ್ನೊಂದು ಭಾಗದಲ್ಲಿ ಕಾಂಕ್ರೀಟ್ ಚಾವಣಿಯೊಳಗೇ ಕೊಳವೆಗಳನ್ನು ಹುದುಗಿಸಿ ಅವುಗಳಲ್ಲಿ ತಣ್ಣೀರು ಹರಿಸಿ, ಚಾವಣಿಯನ್ನೇ ತಂಪು ಮಾಡಿದರು. ಒಂದೇ ಊರು, ಒಂದೇ ಬಿಸಿಲು, ಒಂದೇ ರೀತಿಯ ಗೋಡೆ ಮತ್ತು ಕಿಟಕಿ. ಬೇರೆಯಾದದ್ದು ತಂಪು ಮಾಡುವ ವಿಧಾನ ಮಾತ್ರ. 2011ರಿಂದ ಕೆಲಸ ಆರಂಭಿಸಿದ ಆ ಕಟ್ಟಡದ ಎರಡು ಭಾಗಗಳ ಮೀಟರುಗಳನ್ನು ಎರಡು ವರ್ಷ ಹೋಲಿಸಿದಾಗ, ತಣ್ಣೀರಿನ ಭಾಗ ಹವಾನಿಯಂತ್ರಣಕ್ಕೆ ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತ್ತು, ಅದನ್ನು ಅಳವಡಿಸಿದ ವೆಚ್ಚವೂ ಹೆಚ್ಚಾಗಿರಲಿಲ್ಲ. ಕಾರಣ ಸರಳ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊತ್ತೊಯ್ಯುತ್ತದೆ, ಆದ್ದರಿಂದ ದೊಡ್ಡ ಫ್ಯಾನುಗಳ ಬದಲಿಗೆ ಸಣ್ಣ ಪಂಪ್ ಸಾಕು. ಚಾವಣಿ ಇಡಿಯಾಗಿ ತಂಪಾಗಿರುವುದರಿಂದ ನೀರು ಅಷ್ಟು ಕೊರೆಯುವಷ್ಟು ತಣ್ಣಗಿರಬೇಕಾಗಿಯೂ ಇಲ್ಲ. ಚಾವಣಿ ತೀರಾ ತಣ್ಣಗಾದರೆ ಅದರ ಮೇಲೆ ಇಬ್ಬನಿ ಕಟ್ಟಿ ತೊಟ್ಟಿಕ್ಕುತ್ತದೆ, ಹಾಗಾಗದಂತೆ ಒಳಗೆ ಬಿಡುವ ಹೊರಗಾಳಿಯ ತೇವವನ್ನು ಮೊದಲೇ ತೆಗೆಯಬೇಕು. ವಿನ್ಯಾಸದ ನಿಜವಾದ ಕಷ್ಟವಿರುವುದು ಅಲ್ಲಿ.

ಇದು ಮನೆಗೆ ಬೇಕಾದ ವ್ಯವಸ್ಥೆಯಲ್ಲ, ದಯವಿಟ್ಟು ಹಾಕಿಸಲು ಹೋಗಬೇಡಿ. ಹೇಳಿದ್ದೇಕೆಂದರೆ, ‘ನಮ್ಮದು ಹಸಿರು ಕಟ್ಟಡ’ ಎಂಬ ಫಲಕಕ್ಕೂ ಪಕ್ಕಪಕ್ಕದ ಎರಡು ಮೀಟರುಗಳ ಓದಿಗೂ ಇರುವ ಅಂತರ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ನಮ್ಮ ದೇಶದ ‘ಗೃಹ’ ಶ್ರೇಣೀಕರಣವಾಗಲಿ, ಭಾರತೀಯ ಹಸಿರು ಕಟ್ಟಡ ಮಂಡಳಿಯ (ಐಜಿಬಿಸಿ) ಪ್ರಮಾಣಪತ್ರವಾಗಲಿ ನಿರುಪಯುಕ್ತವೆಂದು ನಾನು ಹೇಳುವುದಿಲ್ಲ. ಆದರೆ ವಿನ್ಯಾಸದ ಕಾಗದ ನೋಡಿ ಕೊಟ್ಟ ಅಂಕವನ್ನೂ ಜನ ವಾಸಿಸತೊಡಗಿದ ಮೇಲೆ ಬಂದ ವಿದ್ಯುತ್ ಬಿಲ್ಲನ್ನೂ ಒಂದೇ ಎಂದು ಭಾವಿಸಬಾರದು.

ಮನೆಯ ಅಳತೆಗೆ ಹತ್ತಿರವಾದ ಪಾಠ ಬೇಕಿದ್ದರೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಶಕ್ತಿ ಮತ್ತು ಸಂಪನ್ಮೂಲಗಳ ಬಗ್ಗೆ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಟ್ಟಡವನ್ನು ಒಮ್ಮೆ ಮಗಳೊಂದಿಗೆ ನೋಡಿ ಬನ್ನಿ. ಸೈಟಿನ ದಕ್ಷಿಣಕ್ಕೆ ದುರ್ನಾತದ ಚರಂಡಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ವಾಸ್ತುಶಿಲ್ಪಿ ಸಂಜಯ್ ಮೋಹೆ ಮತ್ತು ತಂಡದವರು ದಕ್ಷಿಣದ ಗೋಡೆಯನ್ನು ಬಹುಮಟ್ಟಿಗೆ ಮುಚ್ಚಿ ಅದಕ್ಕೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಾದ ಆ ಗೋಡೆಯ ಹಿಂದಿನ ಸಂದಿನಲ್ಲಿ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಸೆಳೆತಕ್ಕೆ ಉತ್ತರದ ತೆರೆದ ಬದಿಯಿಂದ ಒಳ್ಳೆಯ ಗಾಳಿ ಕಟ್ಟಡದೊಳಕ್ಕೆ ಬರುತ್ತದೆ. ಸೈಟಿನ ದೋಷವನ್ನೇ ಯಂತ್ರವಾಗಿ ದುಡಿಸಿಕೊಂಡದ್ದು ನನಗಂತೂ ಬಹಳ ಮೆಚ್ಚುಗೆಯಾದ ಕೆಲಸ.

ಉತ್ತರ 3: ಕುಂದಾಪುರ_ಕಂತ್ರಾಟು

ಇಬ್ಬರೂ ದೊಡ್ಡವರು ಹೇಳಿದ್ದು ಸರಿಯೇ, ಆದರೆ ಕೆಲಸ ಮಾಡಿಸುವವನ ದೃಷ್ಟಿಯಿಂದ ಎರಡು ಮಾತು ಸೇರಿಸಬೇಕೆನಿಸಿತು. ನಮ್ಮ ಕರಾವಳಿಯಲ್ಲಿ ಗೋಡೆಗೆ ಕೆಂಪುಕಲ್ಲು ಇದೆ. ನೆಲದಿಂದ ಕೊಯ್ದು ತೆಗೆದರೆ ಅದೇ ಬ್ಲಾಕ್, ಸುಡುವ ಕೆಲಸವೂ ಇಲ್ಲ, ಸಿಮೆಂಟ್ ಬೆರೆಸುವ ಕೆಲಸವೂ ಇಲ್ಲ. ಇಲ್ಲಿಗೆ ಬಂದು ಯಾರಾದರೂ ‘ಮಣ್ಣಿನ ಬ್ಲಾಕ್ ಪರಿಸರಸ್ನೇಹಿ’ ಎಂದು ಘಟ್ಟದ ಮೇಲಿನಿಂದ ಲಾರಿಯಲ್ಲಿ ತರಿಸಿದರೆ ಅದಕ್ಕೆ ಅರ್ಥವಿಲ್ಲ. ಅದೇ ರೀತಿ, ಬೆಂಗಳೂರಿನ ದೊಡ್ಡ ಮನೆಗಳಿಗೆ ನೋಟ ಚೆಂದವೆಂದು ನಮ್ಮ ಕೆಂಪುಕಲ್ಲನ್ನು ಒಯ್ಯುವುದಕ್ಕೂ ಅರ್ಥವಿಲ್ಲ. ಕೆಂಪುಕಲ್ಲು ಪೂರ್ತಿ ನಿರಪಾಯ ಎಂದೂ ನಾನು ಹೇಳುತ್ತಿಲ್ಲ; ಕಲ್ಲು ತೆಗೆದು ಹಾಗೆಯೇ ಬಿಟ್ಟ ಹೊಂಡಗಳಲ್ಲಿ ಮಳೆಗಾಲದಲ್ಲಿ ನೀರು ನಿಂತು ಆಗುವ ಅನಾಹುತಗಳು ನಮ್ಮ ಕಡೆಯವರಿಗೆ ಗೊತ್ತೇ ಇವೆ.

ಎರಡನೆಯದು ಕೆಲಸಗಾರರ ವಿಷಯ. ಮಣ್ಣಿನ ಬ್ಲಾಕಿನ ಗೋಡೆಗೆ ಹೊರಗೆ ಪ್ಲಾಸ್ಟರ್ ಮಾಡುವುದಿಲ್ಲವಾದ್ದರಿಂದ ಉಳಿತಾಯ ಎನ್ನುತ್ತಾರೆ. ಪ್ಲಾಸ್ಟರ್ ಇದ್ದರೆ ಮೇಸ್ತ್ರಿಯ ಸೊಟ್ಟ ಸಾಲೂ ಹಲ್ಲು ಕಿತ್ತ ಅಂಚೂ ಅದರ ಕೆಳಗೆ ಮುಚ್ಚಿಹೋಗುತ್ತವೆ, ಇಲ್ಲದಿದ್ದರೆ ಪ್ರತಿಯೊಂದು ಸಾಲೂ ಬೀದಿಗೆ ಕಾಣುತ್ತದೆ. ಸೂತ್ರ ಹಿಡಿದು, ತೂಕದ ಗುಂಡು ಬಿಟ್ಟು, ಸಂದುಗಳನ್ನು ಒಂದೇ ದಪ್ಪದಲ್ಲಿ ಕಟ್ಟುವ ಮೇಸ್ತ್ರಿ ಸಿಗುವುದು ಸುಲಭವಲ್ಲ. ಸಿಕ್ಕರೆ ಅವರ ಕೂಲಿಯೂ ಹೆಚ್ಚು. ಮೇಲಿನ ಲೆಕ್ಕದಲ್ಲಿ ಮೆಗಾಜೌಲ್ ಬಂತು, ಇದು ಬರಲಿಲ್ಲ.

ಹೊಸಮನೆ_ತುಮಕೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಜಾಡಿಯ ಪರೀಕ್ಷೆ ಮಾಡಿದೆವು. ಮರಳಿನ ಪದರ ಅರ್ಧಕ್ಕಿಂತ ಸ್ವಲ್ಪ ಮೇಲಿದೆ, ಜೇಡಿ ಕಾಲು ಭಾಗದ ಹತ್ತಿರವಿದೆ. ಅಂದರೆ ಕಲ್ಲುಪುಡಿ ಬೆರೆಸಲೇಬೇಕು ಎಂದು ನಮ್ಮ ಗ್ರಹಿಕೆ. ನಕ್ಷೆಯಲ್ಲಿ ಮೆಟ್ಟಿಲನ್ನು ಪಶ್ಚಿಮಕ್ಕೆ ಸರಿಸಲು ಎಂಜಿನಿಯರ್ ಅವರೂ ಒಪ್ಪಿದ್ದಾರೆ. ಆದರೆ ಅವರು ಪಿಲ್ಲರುಗಳನ್ನು ಮಾತ್ರ ಬಿಡಲು ಒಪ್ಪುತ್ತಿಲ್ಲ. ‘ಬೇಕಾದರೆ ಪಿಲ್ಲರುಗಳ ನಡುವೆ ಮಣ್ಣಿನ ಬ್ಲಾಕ್ ಕಟ್ಟಿಕೊಳ್ಳಿ, ಎರಡಕ್ಕೂ ಸಮಾಧಾನ’ ಎನ್ನುತ್ತಾರೆ. ಇದು ಸರಿಯಾದ ಮಧ್ಯಮಾರ್ಗವೇ? ಹಾಗೆಯೇ ತಾರಸಿ ಹೇಗೂ ಕಾಂಕ್ರೀಟಿನದೇ ಆಗುವುದಾದರೆ ಅದರಲ್ಲಿ ಸಿಮೆಂಟ್ ಕಡಿಮೆ ಮಾಡುವ ದಾರಿಯೇನಾದರೂ ಇದೆಯೇ?

ಉತ್ತರ 4: ಕಂಬ_ತೊಲೆ

ಕಟ್ಟಡಗಳ ರಚನಾ ವಿನ್ಯಾಸ ಮಾಡುವವನಾಗಿ ನೇರವಾಗಿಯೇ ಹೇಳುತ್ತೇನೆ: ಪಿಲ್ಲರ್ ಮತ್ತು ಬೀಮ್ ಪೂರ್ತಿ ಇಟ್ಟುಕೊಂಡು ನಡುವಿನ ಖಾಲಿ ಜಾಗಕ್ಕೆ ಮಣ್ಣಿನ ಬ್ಲಾಕ್ ತುಂಬಿಸುವುದು ಮಧ್ಯಮಾರ್ಗವಲ್ಲ, ಎರಡು ಖರ್ಚು. ಭಾರ ಹೊರಬಲ್ಲ ಗೋಡೆಯನ್ನು ಕಟ್ಟಿ ಅದಕ್ಕೆ ಭಾರ ಹೊರುವ ಅವಕಾಶವನ್ನೇ ಕೊಡದಂತಾಯಿತು. ಮೇಷ್ಟ್ರು ಹೇಳಿದ ಅದೇ 2003ರ ಅಧ್ಯಯನ ಇಡೀ ಕಟ್ಟಡಗಳನ್ನೂ ಲೆಕ್ಕ ಹಾಕಿದೆ. ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ 4.21 ಗಿಗಾಜೌಲ್ (ಒಂದು ಗಿಗಾಜೌಲ್ ಎಂದರೆ ಸಾವಿರ ಮೆಗಾಜೌಲ್), ಸುಟ್ಟ ಇಟ್ಟಿಗೆಯ ಗೋಡೆಗಳೇ ಭಾರ ಹೊರುವ ಎರಡಂತಸ್ತಿನ ಮನೆಗೆ 2.92, ಮಣ್ಣಿನ ಬ್ಲಾಕಿನ ಎರಡಂತಸ್ತಿನ ಮನೆಗೆ 1.61. ಮೊದಲನೆಯದು ಎಂಟು ಅಂತಸ್ತಿನ ಕಟ್ಟಡವಾದ್ದರಿಂದ ತಮ್ಮ ಮನೆಗೆ ನೇರ ಹೋಲಿಕೆಯಲ್ಲ. ಕೊನೆಯ ಎರಡನ್ನು ಮಾತ್ರ ಇಟ್ಟುಕೊಳ್ಳೋಣ. ತಮ್ಮ 150 ಚದರ ಮೀಟರಿಗೆ ವ್ಯತ್ಯಾಸ ಸುಮಾರು 196 ಗಿಗಾಜೌಲ್. ಕೆಜಿಗೆ 18 ಮೆಗಾಜೌಲ್ ಶಾಖ ಕೊಡುವ ಕಲ್ಲಿದ್ದಲಿನ ಲೆಕ್ಕದಲ್ಲಿ ಹೇಳುವುದಾದರೆ ಹನ್ನೊಂದು ಟನ್ನಿನ ಆಸುಪಾಸು. ಮೂರು ನಾಲ್ಕು ಅಂತಸ್ತು ಮೀರಿದರೆ, ಕೆಳಗೆ ಕಾರು ನಿಲ್ಲಿಸಲು ಗೋಡೆಗಳಿಲ್ಲದ ಜಾಗ ಬೇಕಾದರೆ, ಪಾಯದ ಮಣ್ಣು ಸಡಿಲವಾಗಿದ್ದರೆ ಚೌಕಟ್ಟು ಬೇಕು, ಒಪ್ಪುತ್ತೇನೆ. ಗಟ್ಟಿ ನೆಲದ ಮೇಲೆ, ಕೆಳಗಿನ ಗೋಡೆಯ ನೇರಕ್ಕೇ ಮೇಲಿನ ಗೋಡೆ ಬರುವಂತೆ ನಕ್ಷೆ ಮಾಡಿದ ಎರಡಂತಸ್ತಿನ ಮನೆಗೆ ಪಿಲ್ಲರ್ ಏಕೆ ಬೇಕೆಂದು ತಮ್ಮ ಎಂಜಿನಿಯರ್ ಅವರನ್ನು ಕಾರಣ ಸಹಿತ ಕೇಳಿ. ತುಮಕೂರು ಭೂಕಂಪದ ಅಪಾಯ ಕಡಿಮೆ ಇರುವ ಪ್ರದೇಶದಲ್ಲಿದೆ. ಆದರೂ ಪ್ಲಿಂತ್ (ಮನೆಯ ನೆಲಗಟ್ಟು) ಮತ್ತು ಲಿಂಟಲ್ (ಬಾಗಿಲು ಕಿಟಕಿಗಳ ಮೇಲಂಚು) ಮಟ್ಟದಲ್ಲಿ ಮನೆಯ ಸುತ್ತಲೂ ಕಡಿಯದೆ ಹೋಗುವ ಕಾಂಕ್ರೀಟ್ ಪಟ್ಟಿ ಹಾಕುವುದನ್ನು ಬಿಡಬಾರದು.

ತಾರಸಿಗೆ ಫಿಲ್ಲರ್ ಸ್ಲ್ಯಾಬ್ ನೋಡಿ. ಕೇರಳದಲ್ಲಿ ಲಾರಿ ಬೇಕರ್ ಅವರು ಬಹಳ ಪ್ರಚಾರಕ್ಕೆ ತಂದ ವಿಧಾನವಿದು. ಸ್ಲ್ಯಾಬ್ ಬಾಗಿದಾಗ ಮೇಲಿನ ಪದರ ಒತ್ತಡಕ್ಕೂ ಕೆಳಗಿನ ಪದರ ಎಳೆತಕ್ಕೂ ಸಿಲುಕುತ್ತದೆ. ಎಳೆತವನ್ನು ತಡೆಯುವುದು ಕಬ್ಬಿಣ. ಅಲ್ಲಿರುವ ಕಾಂಕ್ರೀಟ್ ಕಬ್ಬಿಣವನ್ನು ಹಿಡಿದುಕೊಂಡಿರುವುದನ್ನು ಬಿಟ್ಟರೆ ಭಾರ ಹೊರುವುದರಲ್ಲಿ ಪಾಲು ಪಡೆಯುವುದಿಲ್ಲ. ಆದ್ದರಿಂದ ಸರಳುಗಳ ನಡುವಿನ ಚೌಕಗಳಲ್ಲಿ, ಕೆಳಭಾಗದಲ್ಲಿ, ಹಳೆಯ ಮಂಗಳೂರು ಹಂಚುಗಳನ್ನು ಒಂದರ ಮೇಲೊಂದು ಜೋಡಿಯಾಗಿ ಇಟ್ಟು ಅದರ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಕಾಂಕ್ರೀಟ್ ಐದನೆಯ ಒಂದು ಭಾಗದಷ್ಟಾದರೂ ಉಳಿಯುತ್ತದೆ, ಸ್ಲ್ಯಾಬಿನ ತೂಕ ಇಳಿಯುವುದರಿಂದ ಕಬ್ಬಿಣವೂ ಸ್ವಲ್ಪ ಕಡಿಮೆಯಾಗುತ್ತದೆ, ಎರಡು ಹಂಚುಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿ ಕೆಳಗಿಳಿಯುವುದನ್ನು ತಡೆಯುತ್ತದೆ. ಹಂಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಬೇಕು, ಇಲ್ಲವಾದರೆ ಹಸಿ ಕಾಂಕ್ರೀಟಿನ ನೀರನ್ನೆಲ್ಲ ಅವೇ ಹೀರಿಬಿಡುತ್ತವೆ. ಕಾಂಕ್ರೀಟ್ ಹಾಕುವಾಗ ಕೂಲಿಯವರು ಹಂಚಿನ ಮೇಲೆ ಕಾಲಿಟ್ಟು ಒಡೆಯದಂತೆ ಹಲಗೆ ಹಾಸಿಸುವುದನ್ನೂ ಮರೆಯಬೇಡಿ.

ಸಿಮೆಂಟಿನ ಆಯ್ಕೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಎಂಜಿನಿಯರುಗಳ ದೊಡ್ಡ ಪ್ರಯತ್ನ ಈಗ ನಡೆಯುತ್ತಿರುವುದು ಅಲ್ಲಿಯೇ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ತಯಾರಿಸಲು ಸುಣ್ಣಕಲ್ಲನ್ನು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಇಂಧನದ ಹೊಗೆ ಒಂದು ಕಡೆಯಾದರೆ, ಸುಣ್ಣಕಲ್ಲೇ ಒಡೆದು ಪ್ರತಿ 100 ಕೆಜಿಗೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸೌರಶಕ್ತಿಯಿಂದ ಗೂಡು ಕಾಯಿಸಿದರೂ ಈ ಎರಡನೆಯದು ನಿಲ್ಲುವುದಿಲ್ಲ. ಉಳಿದಿರುವ ದಾರಿ ಕ್ಲಿಂಕರನ್ನೇ ಕಡಿಮೆ ಬಳಸುವುದು. ರಾಯಚೂರಿನಂಥ ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿ, ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಕಿಟ್ಟ ಸಿಮೆಂಟಿಗೆ ಸೇರುತ್ತಿರುವುದು ಈ ಕಾರಣಕ್ಕೆ. ಕಿಟ್ಟ ಬೆರೆತ ಪಿಎಸ್‌ಸಿ ಸಿಮೆಂಟ್ ಅಂಗಡಿಯಲ್ಲಿ ಸಿಗುತ್ತದೆ, ಪಾಯಕ್ಕೂ ಸ್ಲ್ಯಾಬಿಗೂ ಧಾರಾಳವಾಗಿ ಬಳಸಬಹುದು. ಇದರ ಮುಂದಿನ ಹೆಜ್ಜೆ ಹೊಸ ಬಗೆಯ ಸಿಮೆಂಟಾದ ಎಲ್‌ಸಿ3. ಸ್ವಿಟ್ಜರ್ಲೆಂಡಿನ ಇಪಿಎಫ್ಎಲ್ ತಾಂತ್ರಿಕ ವಿಶ್ವವಿದ್ಯಾಲಯ, ಕ್ಯೂಬಾದ ವಿಜ್ಞಾನಿಗಳು ಮತ್ತು ನಮ್ಮ ದಿಲ್ಲಿ, ಮದ್ರಾಸ್, ಬಾಂಬೆ ಐಐಟಿಗಳು ಸೇರಿ ಬೆಳೆಸಿದ ಇದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು ಸುಮಾರು ಶೇ 30 ಸುಟ್ಟ ಜೇಡಿ, ಶೇ 15 ಸುಡದ ಸುಣ್ಣಕಲ್ಲಿನ ಪುಡಿ, ಶೇ 5 ಜಿಪ್ಸಂ. ಜೇಡಿಗೆ 700ರಿಂದ 850 ಡಿಗ್ರಿ ಶಾಖ ಸಾಕು, ಅದು ಕಾದಾಗ ಬಿಡುವುದೂ ನೀರಿನ ಆವಿಯನ್ನೇ. ಇಂಗಾಲದ ಹೊರಸೂಸುವಿಕೆ ಶೇ 40ರವರೆಗೂ ಇಳಿಯುತ್ತದೆ. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂದಿದೆ. ತಮ್ಮ ಊರಿನ ಅಂಗಡಿಯಲ್ಲಿ ಮೂಟೆ ಸಿಗುವುದಾದರೆ ಕೇಳಿ ನೋಡಿ. ಇಲ್ಲವಾದರೆ ಪಿಎಸ್‌ಸಿಯೇ ಸಾಕು, ಅದಕ್ಕಾಗಿ ಕಾಯುವ ಅಗತ್ಯವಿಲ್ಲ.

ಸಿವಿಲ್_ಮೇಷ್ಟ್ರು

ಕಂತ್ರಾಟುದಾರ ಮಿತ್ರರು ಎತ್ತಿದ ಸಾಗಣೆಯ ಮಾತು ಲೆಕ್ಕದಲ್ಲಿಯೂ ಕಾಣುತ್ತದೆ. ಅದೇ ಅಧ್ಯಯನದ ಪ್ರಕಾರ ಒಂದು ಘನ ಮೀಟರ್ ಇಟ್ಟಿಗೆಯನ್ನು 100 ಕಿ.ಮೀ. ಸಾಗಿಸಲು ಸುಮಾರು 200 ಮೆಗಾಜೌಲ್ ಬೇಕು. ಸುಟ್ಟ ಇಟ್ಟಿಗೆಯ ಗೋಡೆಗೆ ಘನ ಮೀಟರಿಗೆ 2,141 ಮೆಗಾಜೌಲ್ ಹೇಗೂ ಆಗಿರುವುದರಿಂದ ಅದರಲ್ಲಿ ಇದು ಹತ್ತನೆಯ ಒಂದು ಪಾಲು. ಮಣ್ಣಿನ ಬ್ಲಾಕಿನ ಗೋಡೆಗಾದರೆ 646ರ ಮೇಲೆ ಮೂರನೆಯ ಒಂದು ಪಾಲಿನಷ್ಟು ಹೊರೆ. ಆದ್ದರಿಂದ ಸಿದ್ಧ ಬ್ಲಾಕನ್ನು ದೂರದಿಂದ ತರಿಸಬೇಡಿ, ಯಂತ್ರವನ್ನೇ ಸೈಟಿಗೆ ತರಿಸಿ. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರು ನೆಲಮಾಳಿಗೆ ಅಗೆದ ಮಣ್ಣಿನಿಂದಲೇ ಮೇಲಿನ ಗೋಡೆಗೆ ಬ್ಲಾಕ್ ಮಾಡಿಸುವ ಕ್ರಮ ಅನುಸರಿಸುತ್ತಾ ಬಂದಿರುವುದಕ್ಕೂ ಇದೇ ಹಿನ್ನೆಲೆ. ಒಳ್ಳೆಯ ಮೇಸ್ತ್ರಿಯ ಕೂಲಿ ಹೆಚ್ಚು ಎಂಬುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಗೂಡಿನ ಕಲ್ಲಿದ್ದಲಿಗೆ ಹೋಗುವ ಹಣ ಕೈಕೆಲಸ ಬಲ್ಲವರಿಗೆ ಹೋಗುವುದಾದರೆ ಹೋಗಲಿ. ಆದರೆ ಅದನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳಬೇಕು ಎಂಬುದು ನಿಜ.

ತಮ್ಮ ಜಾಡಿಯ ಅಳತೆಗೆ ಕಲ್ಲುಪುಡಿ ಬೆರೆಸಬೇಕೆಂಬ ಗ್ರಹಿಕೆ ಸರಿ. ಒಂದು ಪಾಲು ಮಣ್ಣಿಗೆ ಅರ್ಧ ಪಾಲು ಮತ್ತು ಮುಕ್ಕಾಲು ಪಾಲು ಪುಡಿ ಬೆರೆಸಿದ ಎರಡು ಬಗೆಯ ಮಾದರಿಗಳನ್ನು ಒತ್ತಿಸಿ ಎರಡನ್ನೂ ಪರೀಕ್ಷೆಗೆ ಕಳಿಸಿ. ನೀರು ಎಷ್ಟು ಎಂಬುದನ್ನು ಕೈಯಲ್ಲೇ ನೋಡಬಹುದು: ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಹತ್ತಬಾರದು, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ತುಂಡಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಯಿತು. ಸಿಮೆಂಟ್ ಬೆರೆಸಿದ ಮಿಶ್ರಣವನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು, ಆದ್ದರಿಂದ ಒಂದು ಸಲಕ್ಕೆ ಸ್ವಲ್ಪವೇ ಕಲೆಸಿ.

ಒತ್ತಿದ ಬ್ಲಾಕುಗಳನ್ನು ನೆರಳಿನಲ್ಲಿ ಪೇರಿಸಿ, ಗೋಣಿ ಅಥವಾ ಒಣಹುಲ್ಲು ಹೊದಿಸಿ, 28 ದಿನ ತೇವ ಆರದಂತೆ ನೋಡಿಕೊಳ್ಳಿ. ಕಿಟ್ಟ ಅಥವಾ ಹಾರುಬೂದಿ ಬೆರೆತ ಸಿಮೆಂಟನ್ನು ಬ್ಲಾಕಿಗೂ ಬಳಸುವುದಾದರೆ ಬಲ ನಿಧಾನವಾಗಿ ಬರುವುದರಿಂದ ಇದರಲ್ಲಿ ರಿಯಾಯಿತಿ ತೆಗೆದುಕೊಳ್ಳುವಂತಿಲ್ಲ. ಕಂತ್ರಾಟುದಾರರು ಸಾಮಾನ್ಯವಾಗಿ ಅವಸರ ಮಾಡುವುದು ಈ ಹಂತದಲ್ಲಿಯೇ. ಪ್ಲಿಂತಿನವರೆಗೆ ಸೈಜುಕಲ್ಲು ಕಟ್ಟಿ, ಬಚ್ಚಲಿನ ಗೋಡೆಗೂ ತಾರಸಿಯ ಪ್ಯಾರಪೆಟ್ಟಿಗೂ ಮಣ್ಣಿನ ಬ್ಲಾಕ್ ಬೇಡ. ಮಳೆ ಹನಿ ನೆಲಕ್ಕೆ ಬಿದ್ದು ಸಿಡಿಯುವ ಮೊದಲ ಒಂದೂವರೆ ಅಡಿಯಲ್ಲಿ ಗೋಡೆ ಸವೆಯುವಷ್ಟು ಬೇರೆಲ್ಲೂ ಸವೆಯುವುದಿಲ್ಲ. ಬ್ಲಾಕ್ ಒತ್ತುವ ಕೆಲಸವನ್ನು ಜನವರಿಯಲ್ಲಿ ಆರಂಭಿಸಿದರೆ ಗೋಡೆ ಎದ್ದು ತಾರಸಿ ಹಾಕುವ ಹೊತ್ತಿಗೆ ಮುಂಗಾರು ಇನ್ನೂ ದೂರವಿರುತ್ತದೆ.